ರುದ್ರಪ್ಪನವರಿಗೆ ಬಂದ ಮೊದಲ ಬಹುಮಾನ

ಕುಂದೂರಿನ ಬಸ್ಸು ಆಲೂರು ದಾಟಿ ಒಂದಷ್ಟು ದೂರ ಹೋಗುತ್ತಿದ್ದಂತೆ ಕಿಟಕಿಯಿಂದ ಕಾಫಿ ಹೂವಿನ ವಾಸನೆ ನುಗ್ಗಿತು. ಹಿಂದಿನ ವಾರ ಕಾಫಿಯ ಮೊಗ್ಗು ಬಿರಿಸುವ ಹೂವಿನ ಮಳೆ ಬಿದ್ದಿತ್ತು, ಹೂವು ಸರಿಯಾದ ಹೊತ್ತಿಗೇ ಅರಳಿತ್ತು. ಬಸ್ಸಿನಲ್ಲಿದ್ದವರೆಲ್ಲ ಮೂಗು ಅರಳಿಸಿ ಹೊರಗೆ ನೋಡಿದರು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ನಾಲ್ಕು ವರ್ಷದಿಂದ ಈ ವಾಸನೆ ನನಗೆ ಆಗುವುದಿಲ್ಲ.

ಅದೇ ಹೊತ್ತಿಗೆ ಮೊಬೈಲಿಗೆ ಒಂದು ಮೆಸೇಜು ಬಂತು. ಹಾಸನದ ಛಾಯಾಗ್ರಾಹಕರ ಸಂಘವೊಂದರದು. 'ಮಾನ್ಯ ಸ್ಟೆಲ್ಲಾ ಮೇಡಂ, ಹಿಂದೆ ನಮ್ಮ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದ ತಾವು ಈ ಸಲ ತೀರ್ಪುಗಾರರಾಗಿ ಬಂದು ಯುವ ಪ್ರತಿಭೆಗಳನ್ನು ಹರಸಬೇಕಾಗಿ ವಿನಂತಿ.' ಕೆಳಗೆ ಕೈಮುಗಿದ ಚಿತ್ರ ಮೂರು, ಕ್ಯಾಮರಾದ ಚಿತ್ರ ಒಂದು. ಈ ಜನಕ್ಕೆ ನಾಚಿಕೆ ಅನ್ನುವುದು ಇಲ್ಲ ಅಂತ ನನಗೆ ಗೊತ್ತಿತ್ತು. ಇಷ್ಟೂ ಇಲ್ಲ ಅಂತ ಗೊತ್ತಿರಲಿಲ್ಲ.

ನನ್ನ ತೊಡೆಯ ಮೇಲೆ ಅವತ್ತು ಕ್ಯಾಮರಾ ಚೀಲ ಇರಲಿಲ್ಲ. ಆ ಸೀಮೆಯ ಸಾವಿನ ಮನೆಗೆ ನಾನು ಬರಿಗೈಯಲ್ಲಿ ಹೊರಟಿದ್ದು ಅದೇ ಮೊದಲು. ಬೆಳಿಗ್ಗೆ ಗಿರಿಜಾ ಫೋನ್ ಮಾಡಿದ್ದಳು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಪಕ್ಕ ಕೂತವಳು, ಈಗ ಕುಂದೂರಿನ ಆಚೆ ತನ್ನ ಹಳ್ಳಿಯಲ್ಲೇ ಅಂಗನವಾಡಿ ಟೀಚರು. ನಾಲ್ಕು ವರ್ಷ ನನ್ನ ಜೊತೆ ಒಂದು ಮಾತೂ ಆಡದವಳು, ಅವತ್ತು ಹೇಳಿದ್ದು ಇಷ್ಟೇ: "ಅವ್ವ ಹೋಗ್ಬುಟ್ಲು ಕಣೇ. ಬಾ. ಕ್ಯಾಮರಾ ತರ್ಬೇಡ."

ಸ್ಪರ್ಧೆಗೆ ಫೋಟೋ ಕಳಿಸಬೇಕಾ, ಕಳಿಸಿದರೆ ಏನಾದರೂ ಪ್ರಯೋಜನ ಇದೆಯಾ ಎಂದು ಕೇಳಿಕೊಂಡು ನನ್ನ ಸ್ಟುಡಿಯೋಗೆ ಆಗಾಗ ಯಾರಾದರೂ ಬರುತ್ತಲೇ ಇರುತ್ತಾರೆ. ಗೋಡೆಯ ಮೇಲೆ ಬಹುಮಾನದ ಫಲಕ ನೇತುಹಾಕಿದ್ದ ಮೊಳೆ ಇನ್ನೂ ಇದೆ, ಅದನ್ನೇ ತೋರಿಸಿ ಕಳಿಸುತ್ತೇನೆ. ಯಾರಿಗೂ ಅರ್ಥವಾಗುವುದಿಲ್ಲ. ಅರ್ಥವಾಗಬೇಕಾದರೆ ಆ ವರ್ಷದ್ದನ್ನೆಲ್ಲ ಹೇಳಬೇಕು, ಅಷ್ಟು ಹೇಳುವ ತಾಳ್ಮೆ ನನಗಿಲ್ಲ. ಇಲ್ಲಿ ಬರೆದು ಮುಗಿಸುತ್ತೇನೆ.

ಆಲೂರಿನಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿರುವ ಈ ಸ್ಟುಡಿಯೋ ಹಾಕಿದವರು ನನ್ನ ಪಪ್ಪ. ಅವರ ಅಪ್ಪ ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬಂದು ಹೆತ್ತೂರಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಪಪ್ಪನಿಗೆ ಜಿಗಣೆಯೂ ಆಗದು, ದೊರೆಗಳ ಮುಂದೆ ಕೈಕಟ್ಟಿ ನಿಲ್ಲುವುದೂ ಆಗದು. ಒಂದು ಕ್ಯಾಮರಾ ಕೊಂಡು ಆಲೂರಿಗೆ ಇಳಿದುಬಿಟ್ಟರು. ಅವರ ಕೈಕೆಳಗೆ ನಾನು ಕೆಲಸ ಕಲಿತೆ. ಅರ್ಜಿಗೆ ಅಂಟಿಸುವ ಸಣ್ಣ ಫೋಟೋ, ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ. ಜೊತೆಗೆ ಸಾವು.

ಸಾವಿನ ಫೋಟೋ ಎಂದರೆ ಹೊರಗಿನವರು ಹುಬ್ಬು ಹಾರಿಸುತ್ತಾರೆ. ನಮ್ಮ ಕಡೆ ಅದು ಮದುವೆಯಷ್ಟೇ ಮಾಮೂಲಿ. ನಮ್ಮ ಕ್ರೈಸ್ತರ ಮನೆಗಳಲ್ಲಿ ಪೆಟ್ಟಿಗೆಯ ಸುತ್ತ ನಿಂತು ತೆಗೆಸಿಕೊಳ್ಳುತ್ತೇವೆ. ಗಿರಿಜಾಳಂಥ ಶಿವಭಕ್ತರ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ಸೆಟೆಯುವ ಮೊದಲೇ ಸ್ನಾನ ಮಾಡಿಸಿ, ಚಕ್ಕಂಬಕ್ಕಳ ಹಾಕಿಸಿ, ಬೆನ್ನಿಗೆ ಹಲಗೆ ಕೊಟ್ಟು, ಬೀಳದ ಹಾಗೆ ಬಟ್ಟೆಯಲ್ಲಿ ಕಟ್ಟಿ ಮೇಲೆ ಶಾಲು ಹೊದಿಸುತ್ತಾರೆ. ಹಣೆಗೂ ತೋಳಿಗೂ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಮನೆಯವರೆಲ್ಲ ಅಕ್ಕಪಕ್ಕ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಮೇಲೆ ಅದೇ ಭಂಗಿಯಲ್ಲಿ ಸಮಾಧಿ.

ಈ ಫೋಟೋಗಳಿಗೆ ಪಪ್ಪ ಒಂದು ಕಟ್ಟುಪಾಡು ಮಾಡಿದ್ದರು. ಪ್ರಿಂಟಿನ ಜೊತೆ ನೆಗೆಟಿವ್ವನ್ನೂ ಆ ಮನೆಗೆ ಕೊಟ್ಟುಬಿಡುವುದು. ಸ್ಟುಡಿಯೋದ ಗಾಜಿನ ಶೋಕೇಸಿನಲ್ಲಿ ಅಂಥದ್ದು ಒಂದೂ ಕಾಣಬಾರದು. ಅವರು ಕೊಂಕಣಿಯಲ್ಲಿ ಹೇಳುತ್ತಿದ್ದದ್ದನ್ನು ಕನ್ನಡದಲ್ಲಿ ಹೇಳಿದರೆ, "ಮದುವೆಯದ್ದನ್ನು ಊರಿಗೆಲ್ಲ ತೋರಿಸು, ಅವರಿಗೂ ಅದೇ ಬೇಕು. ಸಾವಿನದ್ದನ್ನು ಮನೆಯವರ ಕೈಗೆ ಕೊಟ್ಟು ಮರೆತುಬಿಡು." ನೆಗೆಟಿವ್ ಹೋಗಿ ಮೆಮೊರಿ ಕಾರ್ಡ್ ಬಂದ ಮೇಲೆ ಕಟ್ಟುಪಾಡನ್ನು ಸ್ವಲ್ಪ ಬದಲಿಸಿಕೊಂಡೆವು. ಸಾವಿನ ಮನೆಯ ಜಗುಲಿಯಲ್ಲೇ ಕೂತು ಕ್ಯಾಮರಾದ ಹಿಂದಿನ ಪರದೆಯಲ್ಲಿ ತೋರಿಸುವುದು, ಯಾವುದು ಬೇಕೋ ಅದನ್ನು ಉಳಿಸಿ, ಉಳಿದದ್ದನ್ನು ಅವರ ಕಣ್ಣೆದುರೇ ಅಳಿಸುವುದು. ಪ್ರಿಂಟ್ ಕೊಟ್ಟ ಮೇಲೆ ಉಳಿಸಿಕೊಂಡದ್ದನ್ನೂ ಅಳಿಸುವುದು. ಸುತ್ತಿನ ಹಳ್ಳಿಗಳಲ್ಲಿ ಸಾವಾದರೆ ನಮಗೇ ಫೋನ್ ಬರುತ್ತಿದ್ದದ್ದು ಈ ಒಂದು ಕಾರಣಕ್ಕೆ.

ಪಪ್ಪ ತೀರಿಕೊಂಡ ಮರುವರ್ಷದ ಆಷಾಢ ಅದು. ಆಷಾಢದಲ್ಲಿ ಮದುವೆ ಇಲ್ಲ. ಹಿಡಿದ ಮಳೆ ಬಿಡಲಿಲ್ಲ, ಗೋಡೆ ಬೆವರುತ್ತಿತ್ತು, ಲೆನ್ಸಿಗೆ ಬೂಸ್ಟು ಹಿಡಿಯದ ಹಾಗೆ ಮರದ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ ಅದರೊಳಗೆ ಇಟ್ಟು ಕಾಯುತ್ತಾ ಕೂತಿದ್ದೆ. ಕೆಲಸವಿಲ್ಲದೆ ಕೂತವಳ ತಲೆಗೆ ಏನೇನೋ ಬರುತ್ತದೆ. ಆಗಲೇ ಹಾಸನದ ಆ ಛಾಯಾಗ್ರಾಹಕರ ಸಂಘದ ಕಾರ್ಯದರ್ಶಿ ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಸ್ಟುಡಿಯೋಗೆ ಬಂದರು. ಗೋಡೆಯ ಮೇಲಿದ್ದ ನನ್ನ ಮದುವೆ ಫೋಟೋಗಳನ್ನು ಒಂದೊಂದಾಗಿ ನೋಡಿದರು, ನಕ್ಕರು. "ತಪ್ಪು ತಿಳ್ಕೋಬೇಡಿ ಮೇಡಂ. ಇವೆಲ್ಲ ಫೋಟೋ ಅಲ್ಲ, ದಾಖಲೆ. ಫೋಟೋ ಅಂದ್ರೆ ಅದರಲ್ಲಿ ಭಾವ ಇರಬೇಕು. ನಮ್ಮ ಸ್ಪರ್ಧೆಗೆ ಒಂದು ಸಲ ಕಳಿಸಿ ನೋಡಿ, ಗೊತ್ತಾಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಗಲ್ಲ ಮೇಲೆ, ಭುಜ ನೇರ ಎಂದು ಅವರ ಮುಖವನ್ನು ನೆಟ್ಟಗೆ ಮಾಡಿ ಕ್ಲಿಕ್ಕಿಸಿ ಕಳಿಸಿದೆ. ಆದರೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಕೂತಿತು. ಅವರದ್ದು ತಿಂಗಳಿಗೊಂದು ಸಣ್ಣ ಸ್ಪರ್ಧೆ, ವರ್ಷಕ್ಕೊಂದು ದೊಡ್ಡದು. ಹೆತ್ತೂರಿಗೆ ಹೋಗಿ ಮಂಜು ತೆಗೆದು ಕಳಿಸಿದೆ. ಬರಲಿಲ್ಲ. ಮಳೆಗೆ ಗೋಣಿಕೊಪ್ಪೆ ಹೊದ್ದು ಗದ್ದೆಗೆ ಇಳಿದವರನ್ನು ಕಳಿಸಿದೆ. ಬರಲಿಲ್ಲ. ಮೂರನೆಯ ಸಲ ತೋಟದ ಆಳುಗಳ ಲೈನ್ ಮನೆಗಳ ಸಾಲು, ಅದರ ಮೇಲೆ ಹೊಗೆ. ಅದಕ್ಕೆ ಒಂದು ಟಿಪ್ಪಣಿ ಬಂತು: 'ತಾಂತ್ರಿಕವಾಗಿ ಸರಿ. ಭಾವ ಇಲ್ಲ.'

ಆ ತಿಂಗಳು ಬಹುಮಾನ ಬಂದದ್ದು ಯಾವುದಕ್ಕೆ ಗೊತ್ತೇ? ಅರಳಿದ ಕಾಫಿ ಹೂವಿನ ನಡುವೆ ಬುಟ್ಟಿ ಹಿಡಿದು ಹಣ್ಣು ಕುಯ್ಯುತ್ತಿರುವ ಹೆಂಗಸಿನ ಫೋಟೋಗೆ. ಹೂವಿರುವಾಗ ಎಲ್ಲಿಯ ಹಣ್ಣು? ಹೂವು ಅರಳಿದ ದಿನಗಳಲ್ಲಿ ಉದುರೀತೆಂದು ತೋಟಕ್ಕೆ ಆಳುಗಳನ್ನೇ ಬಿಡುವುದಿಲ್ಲ. ಯಾರೋ ಹೆಂಗಸಿಗೆ ಹೊಸ ಸೀರೆ ಉಡಿಸಿ ಒಣ ಹಣ್ಣು ತುಂಬಿದ ಬುಟ್ಟಿ ಕೊಟ್ಟು ನಿಲ್ಲಿಸಿದ್ದರು. ತೀರ್ಪುಗಾರರಿಗೆ ಅದರಲ್ಲಿ 'ಶ್ರಮದ ಸುಗಂಧ' ಕಂಡಿತ್ತಂತೆ. ಅವತ್ತೇ ಇವರ ಯೋಗ್ಯತೆ ಗೊತ್ತಾಯಿತು. ಗೊತ್ತಾದ ಮೇಲೂ ಬಿಡಲಿಲ್ಲ ನೋಡಿ, ಅದು ನನ್ನ ಯೋಗ್ಯತೆ.

ಗಿರಿಜಾಳ ಅಪ್ಪ ರುದ್ರಪ್ಪನವರು ತೀರಿಕೊಂಡದ್ದು ದೀಪಾವಳಿ ಕಳೆದ ಮೇಲೆ. ಶುಂಠಿ, ಭತ್ತ ಬೆಳೆಯುತ್ತಿದ್ದ ಮನುಷ್ಯ, ಮನೆ ಹಿಂದೆ ಒಂದಿಷ್ಟು ಕಾಫಿ. ಫೋಟೋ ಎಂದರೆ ಅವರಿಗೆ ಆಗುತ್ತಿರಲಿಲ್ಲ. ರೇಷನ್ ಕಾರ್ಡಿಗೆಂದು ಒಮ್ಮೆ ಪಪ್ಪನ ಎದುರು ಕೂತಿದ್ದರು. ಫ್ಲ್ಯಾಷ್ ಹೊಡೆದಾಗಲೆಲ್ಲ ಕಣ್ಣು ಮುಚ್ಚುವುದು. ಎಷ್ಟು ಸಲ ತೆಗೆದರೂ ಅಷ್ಟೇ. ಪಪ್ಪ ಸುಸ್ತಾಗಿ ಕೂತರು, ನಾನು ನಕ್ಕೆ. ರುದ್ರಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ನಾನ್ ಸತ್ತ್ ಮ್ಯಾಲೆ ತಕ್ಕಳವ್ವ. ಆಗ ಅಲ್ಲಾಡಾಕಿಲ್ಲ" ಎಂದು ಹೋದರು. ಆ ಮೇಲೆ ಎಲ್ಲಿ ಸಿಕ್ಕರೂ ಅದೇ ತಮಾಷೆ: "ಏನವ್ವ, ಇನ್ನೂ ಬದುಕಿವ್ನಿ, ಕ್ಯಾಮರಾ ಒಳಗಿಡು."

ಹಾಗಾಗಿ ಅವರ ಮನೆಯಲ್ಲಿ ಅವರದ್ದೊಂದೂ ಫೋಟೋ ಇರಲಿಲ್ಲ. ನಾನು ಹೋದಾಗ ಅವರನ್ನು ನಡುಮನೆಯಲ್ಲಿ ಕೂರಿಸಿ ಆಗಿತ್ತು. ಭಜನೆಯವರು ಹೊರಗೆ ತಾಳ ಜೋಡಿಸಿಕೊಳ್ಳುತ್ತಿದ್ದರು. ಮನೆಯವರನ್ನು ಅಕ್ಕಪಕ್ಕ ಕೂರಿಸುವುದು ಇನ್ನೂ ಬಾಕಿ. ಸೂರಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಬಿದ್ದ ಬಿಸಿಲು ನೇರ ಅವರ ಹಣೆಯ ವಿಭೂತಿಯ ಮೇಲೆ ಇಳಿದಿತ್ತು, ಉಳಿದ ಮನೆಯೆಲ್ಲ ಕತ್ತಲು. ಮುಚ್ಚಿದ ಕಣ್ಣು, ಅಂಗೈಯ ಲಿಂಗ. ಒಂದು ಕ್ಷಣ ಪಕ್ಕದಿಂದ ಗಿರಿಜಾಳ ಕೈ ಬಂದು, ಜಾರುತ್ತಿದ್ದ ಆ ಅಂಗೈಯನ್ನು ಸರಿಮಾಡಿ ಹೋಯಿತು. ನಾನು ಕ್ಲಿಕ್ಕಿಸಿದೆ.

ತೆಗೆದ ಕ್ಷಣವೇ ಗೊತ್ತಾಯಿತು. ಅಷ್ಟು ವರ್ಷದಲ್ಲಿ ಅಂಥದ್ದೊಂದು ನನ್ನ ಕೈಗೆ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ದುಃಖ ಆಗಲಿಲ್ಲ, ಖುಷಿಯಾಯಿತು. ಕಾರ್ಯದರ್ಶಿಯ ಮುಖ ನೆನಪಾಯಿತು.

ಆ ಮೇಲೆ ಎಲ್ಲರನ್ನೂ ಕೂರಿಸಿ ಮಾಮೂಲಿ ಫೋಟೋ ತೆಗೆದೆ. ಪಾರ್ವತಮ್ಮ, ಅಂದರೆ ಗಿರಿಜಾಳ ಅವ್ವ, ಗಂಡನ ಮೊಣಕಾಲ ಮೇಲೆ ಕೈ ಇಟ್ಟು ಕೂತರು. ಮಣ್ಣು ಮುಗಿದ ಮೇಲೆ ಜಗುಲಿಯಲ್ಲಿ ಗಿರಿಜಾಗೆ ತೋರಿಸಿದೆ. ಎಲ್ಲರೂ ಇದ್ದದ್ದನ್ನು ಆರಿಸಿದಳು. ಒಂಟಿ ಫೋಟೋ ಬಂದಾಗ ಬಹಳ ಹೊತ್ತು ನೋಡಿದಳು.

"ಇದು ಬ್ಯಾಡ ಕಣೇ" ಅಂದಳು. "ಅಪ್ಪ ಒಬ್ನೇ ಆಗ್ಬುಟ್ಟಂಗೆ ಕಾಣ್ತಾನೆ. ಅಳಿಸ್ಬುಡು."

"ಚೆನ್ನಾಗಿ ಬಂದಿದೆಯಲ್ಲೇ."

"ಚೆನ್ನಾಗೈತೆ. ಅದ್ಕೇ ಬ್ಯಾಡ. ಅಳಿಸು, ನೋಡಕ್ಕಾಗಲ್ಲ ನಂಗೆ."

ಅವಳ ಕಣ್ಣೆದುರೇ ಬಟನ್ ಒತ್ತಿದೆ. ಪರದೆ ಖಾಲಿಯಾಯಿತು. ಗಿರಿಜಾ ನನ್ನ ಕೈ ಹಿಡಿದುಕೊಂಡು ಅತ್ತಳು. ನನ್ನ ಕ್ಯಾಮರಾದಲ್ಲಿ ಎರಡು ಕಾರ್ಡ್ ಹಾಕಬಹುದು, ತೆಗೆದ ಪ್ರತಿಯೊಂದೂ ಎರಡರಲ್ಲೂ ಕೂರುತ್ತದೆ, ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿ ಹಾಗೇ ಇರುತ್ತದೆ. ಇದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಕಾರ್ಡ್ ಮರೆತೇಹೋಗಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಟನ್ ಒತ್ತುವಾಗ ನೆನಪಿತ್ತು. ಬೇರೆ ಸಾವಿನ ಮನೆಗಳಲ್ಲಿ ಎರಡರಲ್ಲೂ ಅಳಿಸುತ್ತಿದ್ದವಳು ನಾನೇ.

ಸಂಕ್ರಾಂತಿಯ ಹೊತ್ತಿಗೆ ವರ್ಷದ ದೊಡ್ಡ ಸ್ಪರ್ಧೆಗೆ ಕರೆ ಬಂತು. 'ಮುಖ' ಎನ್ನುವ ವಿಭಾಗ. ಮೊಬೈಲಿನಲ್ಲೇ ತುಂಬುವ ಅರ್ಜಿ. ಶೀರ್ಷಿಕೆ ಕೇಳಿತು, 'ಧ್ಯಾನ' ಎಂದು ಹಾಕಿದೆ. ಕೊನೆಯಲ್ಲಿ ಒಂದು ಸಣ್ಣ ಚೌಕ, ಅದರ ಪಕ್ಕ, 'ಚಿತ್ರದಲ್ಲಿರುವ ವ್ಯಕ್ತಿಯ ಒಪ್ಪಿಗೆ ಪಡೆದಿರುತ್ತೇನೆ.' ಅಲ್ಲಿ ಬೆರಳು ನಿಂತಿತು. ಸತ್ತ ಮೇಲೆ ತಕ್ಕಳವ್ವ ಎಂದು ಅವರೇ ಹೇಳಿದ್ದರಲ್ಲ ಎಂದುಕೊಂಡೆ. ಆ ಮನುಷ್ಯನ ತಮಾಷೆಯನ್ನು ಎಳೆದು ತಂದು ಆ ಚೌಕದಲ್ಲಿ ಕೂರಿಸಿ ಗುರುತು ಹಾಕಿದೆ. ಈ ಸಂಘದವರಿಗೂ ಬೇಕಾಗಿದ್ದದ್ದು ಅಷ್ಟೇ. ಚೌಕ ತುಂಬಿತ್ತು. ಯಾರ ಒಪ್ಪಿಗೆ, ಏನು ಎತ್ತ ಎಂದು ಒಬ್ಬರೂ ಕೇಳಲಿಲ್ಲ.

ಹೂವಿನ ಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾದ ವಾರ ಫಲಿತಾಂಶ ಬಂತು. ಮೊದಲ ಬಹುಮಾನ. ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಉಟ್ಟು ಹಾಸನಕ್ಕೆ ಹೋದೆ. ದಾರಿಯುದ್ದಕ್ಕೂ ಈ ವಾಸನೆ. ಅವತ್ತು ಅದು ನನಗಾಗಿಯೇ ಅರಳಿದೆ ಅನ್ನಿಸಿತ್ತು, ಅಷ್ಟು ಉಬ್ಬಿಹೋಗಿದ್ದೆ.

ಸಭಾಂಗಣದ ನಡುಗೋಡೆಯಲ್ಲಿ ರುದ್ರಪ್ಪನವರು ಆಳೆತ್ತರಕ್ಕೆ ಕೂತಿದ್ದರು. ಮುಖ್ಯ ತೀರ್ಪುಗಾರರು ಬೆಂಗಳೂರಿನಿಂದ ಬಂದಿದ್ದರು, ಹತ್ತು ಜೇಬಿನ ಅಂಗಿ, ಒಂದು ಜೇಬಿನಲ್ಲೂ ಏನೂ ಇರಲಿಲ್ಲ. ಮೈಕಿನ ಮುಂದೆ ಕಣ್ಣು ಮುಚ್ಚಿಕೊಂಡು ಮಾತಾಡಿದರು. "ಈ ಚಿತ್ರದ ಎದುರು ನಿಂತರೆ ಈ ಹಿರಿಯರ ಉಸಿರು ಕೇಳಿಸುತ್ತದೆ. ನಾನು ಕೇಳಿಸಿಕೊಂಡಿದ್ದೇನೆ. ಒಳಗೆ ಎಳೆದುಕೊಂಡು, ಹಿಡಿದು, ನಿಧಾನವಾಗಿ ಬಿಡುತ್ತಿರುವ ಉಸಿರು." ಜನ ಚಪ್ಪಾಳೆ ತಟ್ಟಿದರು. ಫಲಕ ಕೊಡುವಾಗ ನನ್ನ ಕಿವಿಯ ಹತ್ತಿರ ಬಾಗಿ, "ಎಷ್ಟು ಹೊತ್ತು ಕೂರಿಸಿದಿರಿ ಮೇಡಂ ಅವರನ್ನ?" ಎಂದು ಕೇಳಿದರು.

"ಅವರೇ ಕೂತಿದ್ದರು" ಅಂದೆ.

ಕಾರ್ಯಕ್ರಮ ಮುಗಿದು ಎಲ್ಲರೂ ಉಪ್ಪಿಟ್ಟಿನ ಕಡೆ ಹೋದರು. ಕುರ್ಚಿ ಎತ್ತಿಡಲು ಬಂದಿದ್ದ ಶಾಮಿಯಾನದ ಆಳೊಬ್ಬ ಆ ಫೋಟೋದ ಮುಂದೆ ನಿಂತ. ಐವತ್ತು ದಾಟಿದ ಮನುಷ್ಯ. ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು, ಚಪ್ಪಲಿ ಬಿಟ್ಟು ಕೈಮುಗಿದ. ಆಮೇಲೆ ಹತ್ತಿರ ನಿಂತಿದ್ದ ನನ್ನನ್ನು ಮನೆಯವಳೆಂದುಕೊಂಡನೋ ಏನೋ, ಮೆತ್ತಗೆ ಕೇಳಿದ: "ಯಾವತ್ತು ಹೋದ್ರವ್ವ ಯಜಮಾನ್ರು?"

ಶಾಲಿನ ಅಂಚಿನಲ್ಲಿ, ಭುಜದ ಹತ್ತಿರ, ಕಟ್ಟಿದ ಬಿಳಿ ಬಟ್ಟೆಯ ಒಂದು ಎಳೆ ಕಾಣುತ್ತಿತ್ತು. ಅವನು ಅದನ್ನು ನೋಡಿದ್ದ. ಬೆಂಗಳೂರಿನವರು ಉಸಿರು ಕೇಳಿಸಿಕೊಳ್ಳುವುದರಲ್ಲೇ ಇದ್ದರು.

"ಇಂಥದ್ನೆಲ್ಲ ಹಿಂಗ್ ನೇತಾಕ್ತಾರಾ?" ಎಂದು ಅವನು ಕುರ್ಚಿ ಎತ್ತಿಕೊಂಡ. ಬೈದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಫಲಕವನ್ನು ಚೀಲಕ್ಕೆ ತುರುಕಿ ಉಪ್ಪಿಟ್ಟು ತಿನ್ನದೆ ಬಸ್ ಹತ್ತಿದೆ. ಆದರೂ ಮರುದಿನ ಫಲಕವನ್ನು ಗೋಡೆಗೆ ಹೊಡೆದೆ ಅನ್ನುವುದನ್ನೂ ಬರೆಯಬೇಕು.

ಸಂಘದವರು ಫೋಟೋವನ್ನು ಎಲ್ಲ ಕಡೆ ಹಂಚಿದರು. ನಾಲ್ಕೇ ದಿನಕ್ಕೆ ಅದು ಮೊಬೈಲಿನಿಂದ ಮೊಬೈಲಿಗೆ ಹೋಗಿ ಕುಂದೂರು ಮುಟ್ಟಿತು. ಗಿರಿಜಾ ಬೆಳಿಗ್ಗೆಯ ಬಸ್ಸಿಗೇ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಫೋಟೋದ ಕೆಳಗೆ ಜನ ಬರೆದಿದ್ದರು.

"ಓದು" ಅಂದಳು.

"ಗಿರಿಜಾ, ಒಳಗೆ ಬಾರೇ."

"ಓದೇ ಅಂದ್ನಲ್ಲ."

ಅವಳೇ ಓದಿದಳು, ಅಂಗನವಾಡಿಯ ಮಕ್ಕಳಿಗೆ ಓದಿ ಹೇಳುವ ಹಾಗೆ, ಬಿಡಿಸಿ ಬಿಡಿಸಿ. "ಅಜ್ಜನಿಗೆ ನಮಸ್ಕಾರ. ಅಜ್ಜ ನೂರು ವರ್ಷ ಬಾಳಲಿ. ಈ ಅಜ್ಜನ ಆರೋಗ್ಯದ ಗುಟ್ಟೇನು." ಆಮೇಲೆ ಮೊಬೈಲ್ ಕೆಳಗಿಳಿಸಿದಳು. "ಅವ್ವನ್ ಕೈಗೂ ಹೋಗೈತೆ ಇದು. ನಮ್ಮ ಮಾವನ ಮಗ ತೋರಿಸ್ಬುಟ್ಟ. ನಿಮ್ಮಪ್ಪ ಎಲ್ ಕೂತವ್ರೆ, ಯಾರಿದ್ದಾರೆ ಅವರ ಜೊತೆ ಅಂತ ಕೇಳ್ತಾಳೆ. ಏನ್ ಹೇಳ್ಲಿ?"

"ತಪ್ಪಾಯಿತು ಕಣೇ."

"ನನ್ ಎದುರ್ಗೇ ಬಟನ್ ಒತ್ತಿದ್ಯಲ್ಲೇ. ನಾನ್ ನಿನ್ ಕೈ ಹಿಡ್ಕಂಡ್ ಅತ್ತಿದ್ನಲ್ಲೇ, ಥೂ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಬ್ನೇ ಆಗ್ಬುಟ್ಟಂಗೆ ಕಾಣ್ತಾನೆ ಅಂದಿದ್ದೆ. ಈಗ ಊರೋರ್ ಮುಂದೆಲ್ಲಾ ಒಬ್ನೇ ಕೂತವ್ನೆ ನಮ್ಮಪ್ಪ. ನಿಮ್ಮ ಪಪ್ಪ ಇದ್ದಿದ್ರೆ ನಿನ್ ಕೆನ್ನೆಗೆ ಹೊಡೀತಿದ್ರು."

ಅದು ನಿಜ. ಅವಳು ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದಳು. ನಾನು ಅಂಗಡಿ ಬಾಗಿಲು ಹಾಕಿ ಹಾಸನಕ್ಕೆ ಹೋಗಿ, ಫಲಕವನ್ನು ಕಾರ್ಯದರ್ಶಿಯ ಮೇಜಿನ ಮೇಲಿಟ್ಟೆ. ಫೋಟೋ ತೆಗೆದುಹಾಕಿ, ಅದು ಸತ್ತವರದ್ದು, ಮನೆಯವರ ಒಪ್ಪಿಗೆ ಇರಲಿಲ್ಲ, ಸುಳ್ಳು ಹೇಳಿದೆ ಎಂದೆ. ಆ ಮನುಷ್ಯ ಬೈದು ಹೊರಗೆ ಕಳಿಸಿದ್ದರೆ ಅವನ ಮೇಲೆ ನನಗೆ ಇವತ್ತು ಸ್ವಲ್ಪವಾದರೂ ಗೌರವ ಇರುತ್ತಿತ್ತು. ಅವನ ಕಣ್ಣು ಅರಳಿತು.

"ಸತ್ತವರಾ? ನಿಜವಾಗ್ಲೂ? ಮೇಡಂ, ಇದನ್ನ ಮೊದಲೇ ಹೇಳಬಾರದಿತ್ತಾ! ಇದು ಇನ್ನೂ ಒಳ್ಳೆಯ ಕಥೆ ಆಗ್ತಿತ್ತು."

"ಕಥೆ ಬೇಡ. ತೆಗೀರಿ."

"ಒಂದ್ಸಲ ಬಹುಮಾನ ಕೊಟ್ಟ ಮೇಲೆ ಚಿತ್ರ ಸಂಘದ್ದು ಮೇಡಂ. ನಿಯಮದಲ್ಲೇ ಇದೆ, ನೀವು ಒಪ್ಪಿ ಗುರುತು ಹಾಕಿದೀರಿ. ಬೇಕಾದ್ರೆ ಕೆಳಗೆ ಒಂದು ಸಾಲು ಸೇರಿಸೋಣ, ಅಂತಿಮ ಧ್ಯಾನ ಅಂತ."

ಬಾಯಿಗೆ ಬಂದ ಹಾಗೆ ಬೈದೆ. ಕನ್ನಡ ಮುಗಿದ ಮೇಲೆ ಕೊಂಕಣಿಯಲ್ಲೂ ಬೈದೆ. ಅವನು ನಗುತ್ತಲೇ ಕೂತಿದ್ದ. ಮೂರು ಸಲ ಹೋದ ಮೇಲೆ, ಪೊಲೀಸಿಗೆ ದೂರು ಕೊಡುತ್ತೇನೆ ಎಂದು ಹೆದರಿಸಿದ ಮೇಲೆ ಸಂಘದ ಪುಟದಿಂದ ತೆಗೆದರು. ಅಷ್ಟು ಹೊತ್ತಿಗೆ ಅದು ಎಷ್ಟು ಮೊಬೈಲಿನಲ್ಲಿತ್ತೋ ದೇವರಿಗೇ ಗೊತ್ತು. ಮನೆಗೆ ಬಂದು ಎರಡನೆಯ ಕಾರ್ಡನ್ನು ಮುರಿದು ಒಲೆಗೆ ಹಾಕಿದೆ, ಪ್ಲಾಸ್ಟಿಕ್ ಸುಟ್ಟ ನಾತ ಬಿಟ್ಟರೆ ಅದರಿಂದ ಏನೂ ಆಗಲಿಲ್ಲ.

ಆಮೇಲೆ ಆ ಕಡೆಯಿಂದ ಸಾವಿನ ಫೋಟೋಗೆ ನನಗೆ ಕರೆ ಬರುವುದು ನಿಂತುಹೋಯಿತು. ಯಾರೂ ಜಗಳಕ್ಕೆ ಬರಲಿಲ್ಲ, ಬೈಯಲಿಲ್ಲ. ಮದುವೆಗೆ ಕರೆಯುತ್ತಿದ್ದರು, ಅರ್ಜಿ ಫೋಟೋಗೆ ಬರುತ್ತಿದ್ದರು. ಯಾರಾದರೂ ಹೋದರೆ ಮಾತ್ರ ನನಗೆ ಸುದ್ದಿ ಬರುತ್ತಿದ್ದದ್ದು ಎಲ್ಲ ಮುಗಿದ ಮೇಲೆ. ಪಪ್ಪ ಜೀವಮಾನವೆಲ್ಲ ಕೂತು ಕಟ್ಟಿದ್ದನ್ನು ಒಂದು ಫಲಕಕ್ಕೆ ಕೊಟ್ಟುಬಿಟ್ಟೆ. ಸ್ಪರ್ಧೆಗೆ ಕಳಿಸಬೇಕಾ ಎಂದು ಕೇಳುವವರಿಗೆ ಇದನ್ನೆಲ್ಲ ಎಲ್ಲಿಂದ ಹೇಳಲಿ? ನಿಮ್ಮ ಫೋಟೋ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು ಏನೂ ತಿಳಿಯದವರ ಹತ್ತಿರ ಯಾಕೆ ಹೋಗುತ್ತೀರಿ ಎಂದು ಕೇಳಬೇಕೆನ್ನಿಸುತ್ತದೆ. ಆದರೆ ನಾನು ಹೋಗಿದ್ದೆನಲ್ಲ, ಸೀರೆಗೆ ಇಸ್ತ್ರಿ ಮಾಡಿಕೊಂಡು.

ಗಿರಿಜಾ ಕರೆದ ಆ ದಿನ ಕುಂದೂರಿನಲ್ಲಿ ಬಸ್ಸಿಳಿದು ಅವಳ ಮನೆಗೆ ನಡೆದು ಹೋದೆ. ಪಾರ್ವತಮ್ಮನವರನ್ನು ಗಂಡ ಕೂತಿದ್ದ ಜಾಗದಲ್ಲೇ, ಅದೇ ಗಾಜಿನ ಹೆಂಚಿನ ಕೆಳಗೆ ಕೂರಿಸಿದ್ದರು. ಅವರ ಹಿಂದಿನ ಗೋಡೆಯಲ್ಲಿ ನಾನು ಕೊಟ್ಟಿದ್ದ, ಎಲ್ಲರೂ ಜೊತೆಗಿದ್ದ ಫೋಟೋ ಇತ್ತು. ಬಿಸಿಲು ಇನ್ನೂ ಪಕ್ಕದ ಗೋಡೆಯಲ್ಲಿತ್ತು, ಇನ್ನು ಕಾಲು ಗಂಟೆಗೆ ಅವರ ಹಣೆಗೆ ಬರುತ್ತದೆ ಎಂದು ನನ್ನ ಕಣ್ಣು ತಾನಾಗಿಯೇ ಅಳೆಯಿತು. ಆ ಕಣ್ಣಿನ ಮೇಲೆ ನನಗೇ ಅಸಹ್ಯವಾಯಿತು. ಕಾಲಿಗೆ ನಮಸ್ಕಾರ ಮಾಡಿ ಮೂಲೆಯಲ್ಲಿ ಹೆಂಗಸರ ಜೊತೆ ಕೂತೆ. ಗಿರಿಜಾ ನನ್ನ ಮುಖ ನೋಡಿದಳು, ಆಮೇಲೆ ನನ್ನ ಖಾಲಿ ಕೈ ನೋಡಿದಳು.

ಫೋಟೋ ತೆಗೆದದ್ದು ಅವಳ ಮಾವನ ಮಗ, ಗಿರಿಜಾಳ ಮೊಬೈಲಿನಲ್ಲೇ. ಬಿಸಿಲು ಬರುವ ತನಕ ಕಾಯಲಿಲ್ಲ. ಟ್ಯೂಬ್‌ಲೈಟ್ ಹಾಕಿದ, ಬಾಗಿಲ ಬೆಳಕಿಗೆ ಎದುರಾಗಿ ನಿಂತ, ಬೆರಳು ಲೆನ್ಸಿಗೆ ಅಡ್ಡ ಇಟ್ಟುಕೊಂಡ. ನಾನು ಕೈ ಕಟ್ಟಿಕೊಂಡು ಕೂತೆ. ಅಷ್ಟರಲ್ಲಿ ಗಿರಿಜಾ, "ನೀನ್ಯಾಕೆ ಅಲ್ಲಿ ಕುಂತಿದ್ದೀಯ, ಬಾ ಇತ್ಲಾಗೆ" ಎಂದು ಕರೆದಳು. ಅವಳ ಹಿಂದೆ ಹೋಗಿ ನಿಂತೆ. ಅವನು ಏಳೆಂಟು ಸಲ ಒತ್ತಿದ.

ಸಂಜೆ ಮಣ್ಣು ಮುಗಿಸಿ ಬಂದ ಮೇಲೆ ಜಗುಲಿಯಲ್ಲಿ ಅವಳು ನನ್ನ ಪಕ್ಕ ಕೂತು ಮೊಬೈಲ್ ಕೊಟ್ಟಳು. "ಯಾವ್ದು ಚೆನ್ನಾಗೈತೆ ನೋಡು."

ಒಂದೊಂದಾಗಿ ನೋಡಿದೆ. ಒಂದರಲ್ಲಿ ಅರ್ಧ ಜನರ ತಲೆ ಇಲ್ಲ, ಒಂದರಲ್ಲಿ ಬೆರಳು, ಒಂದು ವಾಲಿದೆ. ನಾಲ್ಕನೆಯದರಲ್ಲಿ ಎಲ್ಲರೂ ಕಂಡಿದ್ದರು, ಮುಖಗಳೆಲ್ಲ ಕಪ್ಪು. ಹಿಂದಿನ ಸಾಲಿನಲ್ಲಿ ನಾನೂ ಇದ್ದೆ, ಕಣ್ಣು ಮುಚ್ಚಿಕೊಂಡು. ಪಾರ್ವತಮ್ಮನವರ ಸುತ್ತ ಉಸಿರಾಡಲು ಜಾಗವಿಲ್ಲದಷ್ಟು ಜನ.

"ಇದು" ಅಂದೆ.

ಗಿರಿಜಾ ನೋಡಿದಳು, ತಲೆಯಾಡಿಸಿದಳು. "ಇನ್ನುಳಿದಿದ್ದು ಅಳಿಸು."

ಅವಳ ಕಣ್ಣೆದುರೇ ಒಂದೊಂದಾಗಿ ಅಳಿಸಿದೆ. ಮುಗಿದ ಮೇಲೆ ಮೊಬೈಲ್ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಲಿಲ್ಲ. ಅಳಿಸಿದ ಫೋಟೋಗಳು ಹೋಗಿ ಬೀಳುವ ಕಸದ ಡಬ್ಬಿಯ ಗುರುತನ್ನು ಹುಡುಕಿ ಒತ್ತಿದಳು. ಅವೆಲ್ಲ ಅಲ್ಲಿದ್ದವು. ನನ್ನ ಪಕ್ಕದಲ್ಲೇ ಕೂತು, ಒಂದೊಂದನ್ನೂ ತೆರೆದು ನೋಡಿ, ತಾನೇ ಮತ್ತೊಮ್ಮೆ ಅಳಿಸಿದಳು. ಆಮೇಲೆ, "ಕಾಫಿ ಕುಡ್ದು ಹೋಗು" ಎಂದು ಒಳಗೆ ಹೋದಳು.